ಕವಿಸಮಯದ ಹಂಸವೂ ಮಾಗಡಿಯ ಕೆರೆಯೂ

ಕಾವ್ಯಪಾಠ ಹೇಳುವವರು ತಮ್ಮ ವಿದ್ಯಾರ್ಥಿಗಳಿಗೆ ಮೊದಲು ಮನಗಾಣಿಸಬೇಕಾದ ಸಂಗತಿಗಳಲ್ಲಿ ಕವಿಸಮಯವೆಂಬುದು ಒಂದು. ಲೋಕದಲ್ಲಿ ಇರುವುದು ಒಂದು ಬಗೆ, ಕವಿಗಳು ಪರಂಪರೆಯಿಂದ ಒಪ್ಪಿ ವರ್ಣಿಸಿಕೊಂಡು ಬಂದಿರುವುದು ಇನ್ನೊಂದು ಬಗೆ ಎಂಬಂತಹ ಎಡೆಗಳಲ್ಲಿ ಕವಿಯ ಮಾತು ದೋಷವಲ್ಲ, ಸಂಪ್ರದಾಯ ಎಂದು ಸಮಾಧಾನ ಹೇಳುವುದು ನಮ್ಮ ವೃತ್ತಿಯ ವಾಡಿಕೆ. ಆಲಂಕಾರಿಕನಾದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಇಲ್ಲದ್ದನ್ನು ಇದೆಯೆಂದು ವರ್ಣಿಸುವುದು ಮೊದಲನೆಯದು. ಇದ್ದುದನ್ನೂ ವರ್ಣಿಸದೆ ಬಿಡುವುದು ಎರಡನೆಯದು. ಹಲವು ಎಡೆ, ಹಲವು ಕಾಲಗಳಲ್ಲಿ ಇರುವುದನ್ನು ಒಂದೇ ಎಡೆಗೆ, ಒಂದೇ ಕಾಲಕ್ಕೆ ಕಟ್ಟಿಹಾಕುವುದು ಮೂರನೆಯದು. ಮೊದಲನೆಯ ಬಗೆಗೆ ಅವನು ಕೊಡುವ ನಿದರ್ಶನಗಳಲ್ಲಿ ಒಂದು ಹೀಗಿದೆ: ಜಲಾಶಯವೆಂದರೆ ಸಾಕು, ಅದು ಎಲ್ಲಿಯದೇ ಆಗಲಿ, ಅಲ್ಲಿ ಹಂಸಗಳಿವೆಯೆಂದು ಕವಿಗಳು ಹೇಳುತ್ತಾರೆ.

ಈ ನಿದರ್ಶನವನ್ನು ನಾನು ಸುಮಾರು ಮೂವತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಅದರ ಬಲದಿಂದಲೇ ಒಬ್ಬ ಬಾಲಕನಿಗೆ ಅನ್ಯಾಯವನ್ನೂ ಮಾಡಿದ್ದೇನೆ. ಪ್ರಕೃತ ಲೇಖನಕ್ಕೆ ಅದೇ ಪ್ರೇರಣೆಯಾದುದರಿಂದ ಆ ಪ್ರಸಂಗವನ್ನು ಮೊದಲು ನಿವೇದಿಸುವುದು ಯುಕ್ತ.

1998ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹಂಸಪಕ್ಷಿಯನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರೆಂದು ಒಂಬತ್ತನೆಯ ತರಗತಿಗೆ ಒಂದು ಪ್ರಶ್ನೆಯನ್ನು ಕೊಟ್ಟಿದ್ದೆ. ಹಂಸವು ಹಾಲಿನಂತೆ ಬಿಳಿದಾದುದು, ಬಳುಕುವ ನೀಳವಾದ ಕೊರಳುಳ್ಳದ್ದು, ಸರಸ್ವತಿಯ ವಾಹನ, ನೀರಿನಿಂದ ಹಾಲನ್ನು ಬೇರ್ಪಡಿಸಬಲ್ಲದು, ಮಾನಸಸರೋವರವಾಸಿ ಎಂಬುವು ನನಗೆ ಬೇಕಾಗಿದ್ದ ಉತ್ತರಗಳು. ಎಲ್ಲರೂ ಅದನ್ನೇ ಬರೆದರು. ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗ ಮಾತ್ರ ಬೇರೊಂದನ್ನು ಬರೆದಿದ್ದ. ಹಂಸ ಅವನ ಊರ ಕೆರೆಗೆ ದೀಪಾವಳಿಯ ನಂತರ ಬರುತ್ತದೆಯಂತೆ. ಅದರ ಮೈ ಬೂದಿಬಣ್ಣವಂತೆ. ತಲೆಯ ಹಿಂದೆ ಎರಡು ಕರಿಯ ಗೆರೆಗಳಂತೆ. ಹಗಲೆಲ್ಲ ನೀರಿನ ಮೇಲೆ ಮಲಗಿದ್ದು ಇರುಳಿನಲ್ಲಿ ಕಡಲೆಯ ಹೊಲಕ್ಕೆ ಬೀಳುತ್ತದೆಯಂತೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕಾಣದಾಗುತ್ತದೆಯಂತೆ. ನಾನು ಕೆಂಪು ಮಸಿಯಲ್ಲಿ ಅಡ್ಡಗೆರೆಯೆಳೆದು “ಇದು ಬಾತು, ಹಂಸವಲ್ಲ” ಎಂದು ಬರೆದು ಅಂಕವನ್ನು ಕಳೆದೆ. ತರಗತಿಯಲ್ಲಿ ಅದನ್ನು ಓದಿ ಹೇಳಿದ್ದೂ ಉಂಟು. ಹುಡುಗರು ನಕ್ಕರು.

ಆ ಹುಡುಗ ಈಗ ಸಂಸಾರಿ, ಉದ್ಯೋಗಸ್ಥ. 2025ರ ಜನವರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಶ್ರೀಮಠದಲ್ಲಿ ಸೇರಿದಾಗ ಬಂದು ಪಾದಮುಟ್ಟಿ ನಮಸ್ಕರಿಸಿ, ನಗುತ್ತಲೇ ಆ ಉತ್ತರಪತ್ರಿಕೆಯ ನೆನಪು ತೆಗೆದ. “ಹಂಸ ಹಿಮಾಲಯದ ಆಚಿಗೆ ಹೋಗತದ ಅಂತ ನೀವಽ ಹೇಳಿದ್ರಿ, ಸರ. ನಮ್ಮ ಕೆರಿ ಹಕ್ಕೀನೂ ಹಿಮಾಲಯ ದಾಟಿ ಹೋಗತಾವ ಅಂತ ಊರಾಗ ಹಿರಿಯಾರು ಹೇಳತಿದ್ರು. ಹಂಗಾರ ಅವು ಹಂಸನಽ ಅಲ್ಲೇನ್ರೀ ಅಂತ ಬರದಿದ್ದೆ” ಎಂದ. ಇಪ್ಪತ್ತೇಳು ವರ್ಷ ಈ ಮಾತು ಅವನ ಮನಸ್ಸಿನಲ್ಲಿತ್ತು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಹಂಸವನ್ನು ಪಾಠ ಹೇಳಿದ್ದೆನೇ ಹೊರತು ಯಾವ ಹಂಸವನ್ನೂ ನಾನು ಕಂಡಿರಲಿಲ್ಲ. “ಒಮ್ಮೆ ಬರ್ರಿ” ಎಂದು ಕರೆದ. ಹೋದೆ. ಒಮ್ಮೆಯಲ್ಲ, ಎರಡು ಸಲ.

ಅವನ ಊರು ಮಾಗಡಿ. ಕೆಂಪೇಗೌಡರ ಮಾಗಡಿಯಲ್ಲ; ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಲಕ್ಷ್ಮೇಶ್ವರಕ್ಕೆ ಅಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರುಗಳಷ್ಟು ದಾರಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆ ಯಾವ ಸೀಮೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನೋ ಆ ಪುಲಿಗೆರೆ. ಊರ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಈ ಸೀಮೆಯಲ್ಲಿ ಮಳೆಯ ನೀರನ್ನು ಕಟ್ಟಿ ಹಿಡಿದಲ್ಲದೆ ಬಾಳುವೆ ಸಾಗದು. ಮಾಗಡಿಯ ಕೆರೆಯೂ ಮನುಷ್ಯರು ಬೇಸಾಯಕ್ಕೆಂದು ಕಟ್ಟಿದ ಕೆರೆಯೇ. ವಿಸ್ತಾರ ಸುಮಾರು 50 ಹೆಕ್ಟೇರು. ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರಗಳ ಶಾಸನಗಳಿಗಾಗಿ ಈ ದಾರಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆ ಕೆರೆಯ ಏರಿಯನ್ನು ಮಾತ್ರ ಹತ್ತಿರಲಿಲ್ಲ.

ಮೊದಲ ಸಲ ಹೋದದ್ದು 2025ರ ಫೆಬ್ರುವರಿ 2ರಂದು. ಆ ದಿನ ಭಾನುವಾರ, ಮಾಘ ಶುದ್ಧ ಪಂಚಮಿ. ವಸಂತಪಂಚಮಿಯೆಂದು ಉತ್ತರದವರು ಸರಸ್ವತಿಯನ್ನು ಪೂಜಿಸುವ ದಿನ. ಹಂಸವಾಹನೆಯ ತಿಥಿಯಲ್ಲಿ ಹಂಸಪರೀಕ್ಷೆಗೆ ಹೊರಟದ್ದು ನಾನು ಬೇಕೆಂದು ಆರಿಸಿದ್ದಲ್ಲ, ಶಾಲೆಗೆ ಬಿಡುವಿದ್ದದ್ದು ಅಂದೇ. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳೂ ಇಬ್ಬರು ಸಹೋದ್ಯೋಗಿಗಳೂ ಸಂಗಡ ಇದ್ದರು. ಸೂರ್ಯೋದಯಕ್ಕೆ ಮೊದಲೇ ಏರಿಯನ್ನು ಸೇರಿದೆವು. ಕೆರೆಯ ಮೇಲೆ ಮಂಜು ಹಬ್ಬಿತ್ತು, ಏನೂ ಕಾಣದು. ಸ್ವಲ್ಪ ಹೊತ್ತಿಗೆ ಪಶ್ಚಿಮದ ಹೊಲಗಳ ಕಡೆಯಿಂದ ಮೂಗಿನಿಂದ ಹೊರಟಂತಹ ‘ಆಂಗ್ ಆಂಗ್’ ಎಂಬ ಗದ್ದಲ ಕೇಳಿಬಂತು. ಬಾಣದ ಮೊನೆಯ ಹಾಗೆ ಸಾಲುಕಟ್ಟಿದ ಹಕ್ಕಿಗಳು ನಮ್ಮ ತಲೆಯ ಮೇಲೆಯೇ ಬಂದು, ರೆಕ್ಕೆಗಳನ್ನು ಬಾಗಿಸಿ, ಕಾಲುಗಳನ್ನು ಮುಂದೆ ಚಾಚಿ ನೀರಿಗಿಳಿದವು. ಒಂದು ಸಾಲಿನ ಹಿಂದೆ ಇನ್ನೊಂದು. ಬಿಸಿಲೇರುವ ಹೊತ್ತಿಗೆ ನೂರುಗಟ್ಟಲೆ ಹಕ್ಕಿಗಳು ನಡುಕೆರೆಯಲ್ಲಿ ತಲೆಯನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ರಿಸುತ್ತಿದ್ದವು. ಹುಡುಗನ ಉತ್ತರಪತ್ರಿಕೆಯಲ್ಲಿ ಬರೆದಿದ್ದಂತೆಯೇ.

ನನ್ನ ಹಳೆಯ ಶಿಷ್ಯ ತಂದಿದ್ದ ದುರ್ಬೀನಿನಲ್ಲಿ ನೋಡಿದೆ. ತಿಳಿಬೂದಿಯ ಮೈ, ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ವಿಭೂತಿಯ ಪಟ್ಟಿಯಂತೆಯೇ ಅಡ್ಡಲಾಗಿ, ಆದರೆ ಕಪ್ಪಾಗಿ, ಎಳೆದ ಎರಡು ಗೆರೆಗಳು, ಕೊರಳ ಇಕ್ಕೆಲಗಳಲ್ಲಿ ಉದ್ದಕ್ಕೆ ಇಳಿದ ಬಿಳಿಯ ರೇಖೆ, ಹಳದಿ ಕೊಕ್ಕು, ಅದರ ತುದಿ ಕಪ್ಪು, ಕಾಲುಗಳೂ ಕಿತ್ತಳೆಗೆ ತಿರುಗಿದ ಹಳದಿ. ಪಕ್ಷಿಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ಇದನ್ನು ಪಟ್ಟೆತಲೆಯ ಹೆಬ್ಬಾತು ಎನ್ನುತ್ತಾರೆ. ಎರಡು ಮೂರು ಕಿಲೋ ತೂಗುವ ಹಕ್ಕಿ. ‘ಇದು ಬಾತು’ ಎಂದು ನಾನು ಬರೆದದ್ದು ಹಾಗಾದರೆ ಸುಳ್ಳಲ್ಲ. ‘ಹಂಸವಲ್ಲ’ ಎಂದದ್ದು ನಿಜವೇ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರವನ್ನು ಕೋಶದಿಂದ ಹುಡುಕತೊಡಗಬೇಕು. ಅಮರಸಿಂಹನು ಹಂಸಗಳನ್ನು ಬಿಳಿಯ ಗರಿಯವು, ಮಾನಸದಲ್ಲಿ ಮನೆಮಾಡಿದವು ಎಂದು ಹೇಳಿ, ಅವುಗಳಲ್ಲಿ ಕೊಕ್ಕು ಕಾಲುಗಳು ಕೆಂಪಾಗಿರುವುದು ರಾಜಹಂಸ, ಮಾಸಲು ಬಣ್ಣದವಾಗಿರುವುದು ಮಲ್ಲಿಕಾಕ್ಷ, ಕಪ್ಪಾಗಿರುವುದು ಧಾರ್ತರಾಷ್ಟ್ರ ಎಂದು ಭೇದಗಳನ್ನು ಎಣಿಸುತ್ತಾನೆ. ಕಾದಂಬ ಅಥವಾ ಕಲಹಂಸವೆಂಬುದನ್ನು ಬೇರೆಯಾಗಿಯೇ ಹೇಳುತ್ತಾನೆ. ಎಂದಮೇಲೆ ಹಂಸವೆಂಬುದು ಒಂದೇ ಹಕ್ಕಿಯ ಅಂಕಿತನಾಮವಲ್ಲ, ಒಂದು ಕುಲದ ಹೆಸರು. ಈ ಕುಲಕ್ಕೆ ಬಾತಿನ ಕೊಕ್ಕು, ಬಾತಿನ ಕಾಲು ಎಂಬುದನ್ನು ನಾವು ಮರೆತದ್ದು ಹೇಗೆ? ನಮ್ಮ ಕಣ್ಣಿಗೆ ಕಟ್ಟಿರುವ ಹಂಸದ ಚಿತ್ರ ಬೇರೆಲ್ಲಿಂದಲೋ ಬಂದದ್ದು. ರಾಜಾ ರವಿವರ್ಮನು 1899ರಲ್ಲಿ ಬರೆದ ಹಂಸ-ದಮಯಂತಿಯರ ಚಿತ್ರದ ಪ್ರತಿ ಇಲ್ಲದ ಮನೆಯೇ ಒಂದು ಕಾಲದಲ್ಲಿ ಇರಲಿಲ್ಲ. ಅದರಲ್ಲಿ ದಮಯಂತಿಗೆ ನಳನ ವಾರ್ತೆ ಹೇಳುತ್ತಿರುವುದು ಯುರೋಪಿನ ಸರೋವರಗಳ ಸ್ವಾನ್ ಎಂಬ ಹಕ್ಕಿ. ಭಾರತಕ್ಕೆ ಅದು ತೀರ ಅಪರೂಪದ ಅತಿಥಿ. ಚಳಿಗಾಲದಲ್ಲಿ ವಾಯವ್ಯದ ಅಂಚಿಗೆ ಎಂದೋ ಒಮ್ಮೆ ಬಂದದ್ದುಂಟು, ಅಷ್ಟೆ. ಪಠ್ಯಪುಸ್ತಕಗಳ ಚಿತ್ರಕಾರರು, ಕ್ಯಾಲೆಂಡರಿನವರು, ಕರಿಹಲಗೆಯ ಮೇಲೆ ಬಳಪದಿಂದ ನೀಳಕೊರಳನ್ನು ತಿದ್ದುತ್ತಿದ್ದ ನಾನು, ಎಲ್ಲರೂ ಅದೇ ಹಾದಿ ಹಿಡಿದೆವು.

ಪ್ರಾಚೀನ ಶಿಲ್ಪಿಗಳು ಹಾಗೆ ಮಾಡಲಿಲ್ಲ. ಅಶೋಕನ ಕಾಲದ ರಾಮಪುರ್ವದ ಸಿಂಹಸ್ತಂಭದ ಬೋದಿಗೆಯ ಸುತ್ತ ಸಾಲಾಗಿ ನಡೆದಿರುವ ಹಂಸಗಳು ತುಂಡುಕೊರಳಿನ, ದುಂಡುಮೈಯ ಬಾತುಗಳೇ. ಅಜಂತೆಯ ಹದಿನೇಳನೆಯ ಗುಹೆಯಲ್ಲಿ ಹಂಸಜಾತಕವನ್ನು ಬರೆದವನು ಬರೆದದ್ದೂ ಅವನ್ನೇ. ನಮ್ಮ ಹಳೆಯಬೀಡಿನ ಪಟ್ಟಿಕೆಗಳಲ್ಲಿ ಮಕರಗಳ ಸಾಲಿನ ಮೇಲೆ ಬರುವ ಹಂಸಗಳಿಗೆ ಬಾಲದ ಬದಲು ಬಳ್ಳಿಯ ಸುರುಳಿಯನ್ನು ಅಂಟಿಸಿದ್ದಾರೆ, ನಿಜ. ಆದರೆ ಮೈಕಟ್ಟು ಬಾತಿನದೇ. ಡಚ್ ವಿದ್ವಾಂಸ ಫೋಗೆಲ್ 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತೀಯ ಸಾಹಿತ್ಯ, ಶಿಲ್ಪಗಳ ಆಧಾರಗಳನ್ನೆಲ್ಲ ಒಟ್ಟುಗೂಡಿಸಿ ಹಂಸವೆಂದರೆ ಹೆಬ್ಬಾತೇ ಎಂದು ವಾದಿಸಿದ್ದಾರೆ. ಕೆ. ಎನ್. ದವೆಯವರು ಸಂಸ್ಕೃತಸಾಹಿತ್ಯದ ಪಕ್ಷಿಗಳನ್ನು ಕುರಿತು ಬರೆದ ಬೃಹದ್ಗ್ರಂಥ 1985ರಲ್ಲಿ ಹೊರಬಂದಿದೆ; ಹಕ್ಕಿಯ ಹೆಸರು ಬಂದೆಡೆಯಲ್ಲೆಲ್ಲ ‘ಒಂದು ಪಕ್ಷಿವಿಶೇಷ’ ಎಂದು ಅರ್ಥ ಬರೆದು ಮುಂದೆ ಸಾಗುವ ನಮ್ಮಂತಹ ವ್ಯಾಖ್ಯಾನಕಾರರು ಅದನ್ನು ಒಮ್ಮೆಯಾದರೂ ತೆರೆದು ನೋಡಬೇಕು. ಹಂಸವೆಂಬ ಮಾತಿನೊಳಗೆ ಬಿಳಿಯ ಹಕ್ಕಿಗಳೂ ಬೂದುಬಣ್ಣದವೂ ಸೇರಿವೆ, ಮಾಗಡಿಯ ಹಕ್ಕಿ ಅವುಗಳಲ್ಲಿ ಒಂದು ಎಂದು ಒಪ್ಪಲು ನನಗೀಗ ಅಡ್ಡಿಯಿಲ್ಲ. ಕನ್ನಡದ ಪಕ್ಷಿಪುಸ್ತಕಗಳು ರಾಜಹಂಸವೆಂಬ ಹೆಸರನ್ನು ನೀಳಗಾಲಿನ ನಸುಗೆಂಪು ಹಕ್ಕಿಯಾದ ಫ್ಲೆಮಿಂಗೊಗೆ ಕೊಟ್ಟುಬಿಟ್ಟಿರುವುದರಿಂದ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚಿದೆ. ಹಂಸಶಬ್ದದ ಕನ್ನಡ ತದ್ಭವ ‘ಅಂಚೆ’ ಎಂಬುದನ್ನು ಕೆರೆಯ ಏರಿಯ ಮೇಲೆಯೇ ಮಕ್ಕಳಿಗೆ ಹೇಳಿದೆ. “ಪೋಸ್ಟ್ ಆಫೀಸೇನ್ರಿ ಸರ?” ಎಂದು ಒಬ್ಬ ಹುಡುಗಿ ಕೇಳಿದಳು. ಆ ಅಂಚೆ ಬೇರೆ, ಈ ಅಂಚೆ ಬೇರೆ ಎಂದು ವಿವರಿಸುವಷ್ಟರಲ್ಲಿ, ದಮಯಂತಿಗೆ ಓಲೆಯ ಕೆಲಸ ಮಾಡಿದ್ದೂ ಇದೇ ಹಕ್ಕಿಯಲ್ಲವೇ ಎಂದು ನನಗೇ ನಗು ಬಂತು.

ಇನ್ನು ಪ್ರಯಾಣದ ಮಾತು. ಈ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ, ಕಿರ್ಗಿಜ್ ಸೀಮೆ, ನಮ್ಮ ಲಡಾಖ್ ಮೊದಲಾದ ಎತ್ತರದ ನಾಡುಗಳ ಸರೋವರಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಮಾನಸಸರೋವರದಲ್ಲಿಯೂ ಇವು ಉಂಟು. ಅಮರಸಿಂಹನು ಮಾನಸದಲ್ಲಿ ಮನೆಮಾಡಿದವು ಎಂದದ್ದು ಬರಿಯ ಅಲಂಕಾರವಲ್ಲ. ಅಲ್ಲಿ ಚಳಿ ಬಲಿತಾಗ ಹಿಮಾಲಯವನ್ನು ದಾಟಿ ತೆಂಕಣಕ್ಕೆ ಇಳಿಯುತ್ತವೆ. ಬೆನ್ನಿಗೆ ಚಿಕ್ಕ ಯಂತ್ರವನ್ನು ಕಟ್ಟಿ ಉಪಗ್ರಹಗಳ ಮೂಲಕ ಇವುಗಳ ದಾರಿಯನ್ನು ಅರಸಿದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸಂತದಲ್ಲಿ ಉತ್ತರಕ್ಕೆ ಮರಳುವ ಹೆಬ್ಬಾತು ಭಾರತದ ಬಯಲಿನಿಂದ ಟಿಬೆಟಿನ ಪ್ರಸ್ಥಭೂಮಿಯ ಎತ್ತರಕ್ಕೆ ಏಳೆಂಟು ಗಂಟೆಗಳಲ್ಲಿ ಏರಿಬಿಡಬಲ್ಲದು. ಹಗಲು ಬೆಟ್ಟದ ಮೇಲಕ್ಕೆ ಬೀಸುವ ಗಾಳಿಯ ಆಸರೆಯನ್ನೂ ಅದು ಬಯಸದು. ಗಾಳಿ ತಣ್ಣಗಾಗಿ ದಟ್ಟವಾಗಿರುವ ಇರುಳು ಮತ್ತು ಮುಂಜಾವುಗಳಲ್ಲಿ ರೆಕ್ಕೆ ಬಡಿದೇ ಏರುತ್ತದೆ. ಅದರ ರಕ್ತದ ಕೆಂಪು ದ್ರವ್ಯವು ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವಂತೆ ರಚಿತವಾಗಿದೆ.

ಈ ಹಕ್ಕಿ ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತದೆಯೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಯಂತ್ರಗಳು ಅದನ್ನು ಸಮರ್ಥಿಸಲಿಲ್ಲ. ಆ ಅಧ್ಯಯನಗಳಲ್ಲಿ ದಾಖಲಾದ ಅತ್ಯಧಿಕ ಎತ್ತರ ಸುಮಾರು 7,290 ಮೀಟರು; ಹಾರಾಟದ ಬಹುಭಾಗ 6,000 ಮೀಟರಿಗೂ ಕೆಳಗೆಯೇ. ಶಿಖರಗಳನ್ನು ಮೇಲಿಂದ ದಾಟುವ ಬದಲು ಹಕ್ಕಿಗಳು ಕಣಿವೆಗಳನ್ನೂ ಬೆಟ್ಟಗಳ ನಡುವಣ ಕಂಡಿಗಳನ್ನೂ ಹಿಡಿದು, ಆದಷ್ಟು ತಗ್ಗಿನಲ್ಲಿಯೇ ಸಾಗುತ್ತವೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಏಕೆಂದರೆ ‘ಮೇಘದೂತ’ದಲ್ಲಿ ಯಕ್ಷನು ಮೇಘಕ್ಕೆ ದಾರಿ ಹೇಳುವಾಗ ಕ್ರೌಂಚಪರ್ವತದ ರಂಧ್ರವನ್ನು ಹಂಸದ್ವಾರವೆಂದೇ ಕರೆಯುತ್ತಾನೆ, ಹಂಸಗಳು ಹಿಮಾಲಯವನ್ನು ದಾಟುವ ಬಾಗಿಲು ಅದು. ಪರಶುರಾಮನು ಬಾಣದಿಂದ ಕೊರೆದ ಕಂಡಿಯೆಂಬ ಪುರಾಣಕಥೆಯನ್ನು ಪಾಠ ಹೇಳಿ ನಾನು ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆ. ಹಕ್ಕಿಗಳು ಬೆಟ್ಟದ ಮೇಲಲ್ಲ, ಬೆಟ್ಟದ ನಡುವಿನ ಬಾಗಿಲಿನಲ್ಲಿ ಹಾಯುತ್ತವೆ ಎಂಬ ತಿಳಿವಳಿಕೆ ಆ ಹೆಸರಿನಲ್ಲಿದೆಯೆಂದು ಹೊಳೆದಿರಲೇ ಇಲ್ಲ. ಕಾಳಿದಾಸನಿಗೆ ಉಪಗ್ರಹವಿದ್ದಿತೆಂದು ಸಾಧಿಸಹೊರಡುವವರ ಗುಂಪಿಗೆ ನಾನು ಸೇರಲಾರೆ. ಹಿಮಾಲಯದ ತಪ್ಪಲಿನ ಕುರುಬರೋ ವರ್ತಕರೋ ಕಣ್ಣಾರೆ ಕಂಡದ್ದು ಕಥೆಯ ರೂಪದಲ್ಲಿ ಕವಿಯ ಕಿವಿಗೆ ಬಿದ್ದಿರಬೇಕು, ಅಷ್ಟೆ. ಅಷ್ಟಾದರೂ ಸಣ್ಣ ಮಾತೇನೂ ಅಲ್ಲ.

ಆದರೆ ಕವಿ ಎಲ್ಲ ಕಡೆಯೂ ಸರಿಯೆಂದು ಹೇಳುವಂತಿಲ್ಲ. ಮೇಘದೂತದಲ್ಲಿ ಹಂಸಗಳು ತಾವರೆಯ ದಂಟಿನ ಬುತ್ತಿ ಕಟ್ಟಿಕೊಂಡು ಮಾನಸಕ್ಕೆ ಹೊರಡುವುದು ಮಳೆಗಾಲದ ಮೊದಲ ಗುಡುಗಿಗೆ. ಮಾಗಡಿಯವು ಹೊರಡುವುದು ಅದಕ್ಕೆ ಮೂರು ತಿಂಗಳು ಮೊದಲು, ಶಿವರಾತ್ರಿಯ ಆಸುಪಾಸಿನಲ್ಲಿ. ಗುಡುಗು ಕೇಳುವ ಹೊತ್ತಿಗೆ ಅಲ್ಲಿ ಅವುಗಳ ಮರಿಗಳೇ ಈಜತೊಡಗಿರುತ್ತವೆ. ಶರತ್ಕಾಲದ ವರ್ಣನೆಯಲ್ಲಿ ಹಂಸಗಳು ಮರಳಿಬಂದವೆಂದು ಹಾಡುವ ಕವಿಗಳ ಮಾತು ಮಾತ್ರ ಲೋಕಕ್ಕೆ ಹತ್ತಿರವಾಗಿದೆ. ಹಾಲುನೀರಿನ ಕಥೆಗೆ ಲೋಕದಲ್ಲಿ ಆಧಾರವಿಲ್ಲ. ಬಾತಿನ ಕೊಕ್ಕಿನ ಅಂಚಿನಲ್ಲಿ ಹಣಿಗೆಯಂತಹ ಹಲ್ಲುಗಳಿವೆ, ಬಾಯಿಗೆ ಬಂದ ನೀರು ಅವುಗಳ ನಡುವೆ ಸೋರಿಹೋಗಿ ಆಹಾರ ಒಳಗುಳಿಯುತ್ತದೆ. ಅದನ್ನು ಕಂಡ ಯಾರಿಗೋ ಈ ಕಲ್ಪನೆ ಹುಟ್ಟಿರಬಹುದು ಎಂಬುದು ನನ್ನ ಊಹೆ. ಮಾಗಡಿಯ ಹಂಸಕ್ಕೆ ಹಾಲೂ ಬೇಡ, ತಾವರೆಯ ದಂಟೂ ಬೇಡ. ಅದಕ್ಕೆ ಬೇಕಾದುದು ಕಡಲೆ, ಶೇಂಗಾ, ಎಳೆಯ ಪೈರು.

ಈ ಕೊನೆಯ ಮಾತು ವಿನೋದದ್ದಲ್ಲ. ಏರಿಯ ಕೆಳಗೆ ಹೊಲವಿದ್ದ ಮುಪ್ಪಿನ ರೈತರೊಬ್ಬರನ್ನು ಮಕ್ಕಳ ಎದುರಿನಲ್ಲಿಯೇ ವಿಚಾರಿಸಿದೆ. “ಹಿಂಡ ಬಿತ್ತಂದ್ರ ಕಡ್ಲಿ ಹೊಲ ಉಳಿಯಂಗಿಲ್ರಿ, ಮಾಸ್ತರ. ಒಂದ ರಾತ್ರಿ ಸಾಕು. ಹಂಗಂತ ವರ್ಷಾ ಬರೂ ಬೀಗರಿಗೆ ಬರಬ್ಯಾಡ್ರಿ ಅಂತ ಹೆಂಗ ಹೇಳೂದ್ರಿ?” ಎಂದರು. ಸ್ವಲ್ಪ ತಡೆದು, “ನಮಗೂ ಹೊಟ್ಟಿ ಐತಲ್ರಿ” ಎಂದೂ ಸೇರಿಸಿದರು. ಹಂಸವನ್ನು ಕುರಿತು ಹತ್ತು ವಾಕ್ಯ ಬರೆಯಿರೆಂದು ಕೇಳಿದ ನಾನು ಈ ಎರಡು ವಾಕ್ಯಗಳನ್ನು ಯಾವ ಕಾವ್ಯದಲ್ಲಿಯೂ ಓದಿರಲಿಲ್ಲ. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಜನವಸತಿಯ ನಡುವೆಯೇ ಇರುವ ಇಂತಹ ಸ್ಥಳಗಳಿಗಾಗಿ ಸಂರಕ್ಷಣಾ ಮೀಸಲು ಎಂಬ ಹೊಸ ವರ್ಗ ಏರ್ಪಟ್ಟಿತು. ಸ್ಥಳೀಯರೊಡನೆ ಸಮಾಲೋಚಿಸಿ ಘೋಷಿಸಬೇಕೆಂಬುದು ಅದರ ನಿಯಮ. ಮಾಗಡಿಯ ಕೆರೆ ಆ ವರ್ಗಕ್ಕೆ ಸೇರಿದೆ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಮೇರೆಗೆ ಜಗತ್ತಿನ ಮಹತ್ತ್ವದ ಜೌಗುನೆಲಗಳ ಪಟ್ಟಿಯೊಂದು ಸಿದ್ಧವಾಗುತ್ತಿದೆಯಷ್ಟೆ. 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರಕನ್ನಡದ ಅಘನಾಶಿನಿ ಅಳಿವೆ ಇವುಗಳ ಜೊತೆಗೆ ಮಾಗಡಿಯ ಕೆರೆಯೂ ಅದರಲ್ಲಿ ಸೇರಿತು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿ ತಂಗುತ್ತವೆಂದೂ, ದಕ್ಷಿಣಭಾರತದಲ್ಲಿ ಪಟ್ಟೆತಲೆಯ ಹೆಬ್ಬಾತಿನ ದೊಡ್ಡ ಬೀಡುಗಳಲ್ಲಿ ಇದೂ ಒಂದೆಂದೂ ಆಗ ಪ್ರಕಟವಾಯಿತು. ಪಟ್ಟಿಗೆ ಸೇರಿದ್ದು ಕೆರೆ. ಹಂಸ ಮೇಯುವುದು ಪಟ್ಟಿಯ ಹೊರಗಿನ ಹೊಲದಲ್ಲಿ.

ಎರಡನೆಯ ಸಲ ಹೋದದ್ದು ಮಾರ್ಚ್ 23ರಂದು, ಯುಗಾದಿಗೆ ಒಂದು ವಾರ ಉಳಿದಿತ್ತು. ಶಿಷ್ಯನು ಹಿಂದಿನ ದಿನವೇ ದೂರವಾಣಿಯಲ್ಲಿ “ಹೋಗ್ಯಾವ್ರಿ ಸರ” ಎಂದು ತಿಳಿಸಿದ್ದ. ಆದರೂ ಹೋದೆವು, ಹಂಸವಿಲ್ಲದ ಕೆರೆಯನ್ನೂ ನೋಡಬೇಕಾಗಿತ್ತು. ನೀರು ಇಳಿದು ಅಂಚಿನಲ್ಲಿ ಕೆಸರು ತೆರೆದುಕೊಂಡಿತ್ತು. ರಾಜಶೇಖರನ ಎರಡನೆಯ ಬಗೆ, ಇದ್ದುದನ್ನೂ ವರ್ಣಿಸದಿರುವುದು ಎಂದರೇನೆಂಬುದಕ್ಕೆ ಆ ಕೆಸರು ಒಳ್ಳೆಯ ನಿದರ್ಶನವಾಯಿತು. ಹಣೆಯ ಮೇಲೆ ಬಿಳಿಯ ನಾಮವಿಟ್ಟ ನಾಮದ ಕೋಳಿ, ಕೆಂಪು ಕಡ್ಡಿಯಂತಹ ಕಾಲುಗಳ ಮೆಟ್ಟುಗಾಲು ಹಕ್ಕಿ, ಕಂಡಷ್ಟರಲ್ಲಿ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಕೊಕ್ಕಿನ ತುದಿಗೆ ಹಳದಿಯಿಟ್ಟ ವರಟೆ, ಕರಿತಲೆಯ ಕೆಂಬರಲು ಇವೆಲ್ಲ ಅಲ್ಲಿದ್ದವು. ಇವುಗಳಲ್ಲಿ ಒಂದಕ್ಕೂ ಅಷ್ಟಾದಶವರ್ಣನೆಗಳಲ್ಲಿ ಎಡೆ ದೊರೆತದ್ದನ್ನು ನಾನರಿಯೆ. ಮಕ್ಕಳಿಗೆ ಮಾತ್ರ ಹಂಸಕ್ಕಿಂತ ಗುಳುಮುಳುಕದ ಮೇಲೆಯೇ ಹೆಚ್ಚು ಪ್ರೀತಿ ಹುಟ್ಟಿತು.

ಚಕ್ರವಾಕವನ್ನು ಫೆಬ್ರುವರಿಯಲ್ಲಿಯೇ ಒಂದು ಜೋಡಿ ಕಂಡಿದ್ದೆವು. ನಮ್ಮ ಹಳಗನ್ನಡ ಕವಿಗಳ ಜಕ್ಕವಕ್ಕಿ ಅದೇ. ಕಿತ್ತಳೆಯ ಬಣ್ಣದ ಮೈ, ಅದೂ ಹಿಮಾಲಯದಾಚೆಯ ಅತಿಥಿ. ಇರುಳಾದೊಡನೆ ಗಂಡುಹೆಣ್ಣುಗಳು ಅಗಲಿ ಎದುರು ಬದುರು ದಡಗಳಲ್ಲಿ ಕುಳಿತು ಗೋಳಿಡುತ್ತವೆಂಬುದು ಕವಿಸಮಯ. ಹಗಲಿನಲ್ಲಿ ನಾವು ಕಂಡಷ್ಟು ಹೊತ್ತು ಅವು ಒಂದನ್ನೊಂದು ಬಿಟ್ಟು ಹತ್ತು ಮಾರು ಸರಿಯಲಿಲ್ಲ. ಇರುಳಿನದನ್ನು ನೋಡಲು ಮಕ್ಕಳೊಡನೆ ಅಲ್ಲಿ ಉಳಿಯಲಾಗಲಿಲ್ಲ. ಮಾರ್ಚಿನಲ್ಲಿ ಆ ಜೋಡಿಯೂ ಇರಲಿಲ್ಲ.

ಕೋಗಿಲೆಯಾದರೋ ಅಂದು ಏರಿಯ ಬೇವಿನ ಮರದಲ್ಲಿ ಎಡೆಬಿಡದೆ ಕೂಗುತ್ತಿತ್ತು. ಕೋಗಿಲೆಯ ದನಿಯನ್ನು ವಸಂತಕ್ಕೇ ಕಟ್ಟುವುದು ರಾಜಶೇಖರನ ಮೂರನೆಯ ಬಗೆಗೆ ಉದಾಹರಣೆ. ಬೇಸಗೆಯ ಉದ್ದಕ್ಕೂ ಅದು ಕೂಗುತ್ತದೆಂಬುದು ಅವನಿಗೂ ಗೊತ್ತು. ಮತ್ತೆ ಹುಟ್ಟುವುದಾದರೆ ಬನವಾಸಿಯ ತೋಟದಲ್ಲಿ ದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಪಂಪನು ಹಂಬಲಿಸಿದ್ದನ್ನು ಮಕ್ಕಳು ಬಲ್ಲರು. ಕುಹೂ ಎಂದು ಕೂಗುವುದು ಕರಿಯ ಮೈಯ, ಕೆಂಪು ಕಣ್ಣಿನ ಗಂಡು. ಹೆಣ್ಣು ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳನ್ನುಳ್ಳದ್ದು, ಅದರ ದನಿ ಬರಿಯ ‘ಕಿಕ್ ಕಿಕ್’ ಎಂದು ಹೇಳಿದಾಗ, ಇಂಚರದ ಗಾಯಕಿಯನ್ನು ಕೋಗಿಲೆಗೆ ಹೋಲಿಸುವ ನಮ್ಮ ರೂಢಿಯ ಗತಿಯೇನೆಂದು ಸಂಗೀತದ ಶಿಕ್ಷಕಿಯರು ಕೇಳಿದರು. ನನ್ನ ಬಳಿ ಉತ್ತರವಿಲ್ಲ. ಆದರೆ ಇದೇ ಹಕ್ಕಿಯನ್ನು ಪ್ರಾಚೀನರು ಪರಭೃತ, ಅನ್ಯಪುಷ್ಟ ಎಂದು ಕರೆದರು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿಯನ್ನು ಪರರಿಂದ ಸಾಕಿಸಿಕೊಳ್ಳುವ ಗುಟ್ಟನ್ನು ಗೂಡಿನ ಬಳಿ ಕಾದು ನೋಡದೆ ಯಾರೂ ತಿಳಿಯಲಾರರು. ಆ ಒಂದೊಂದು ಹೆಸರೂ ಒಬ್ಬ ನೋಡಿದವನ ಸಾಕ್ಷ್ಯ.

ಮರಳುವ ಮುನ್ನ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಏರಿಯಾಚೆಯ ಗರಸು ನೆಲದಲ್ಲಿ ಮಕ್ಕಳು ನಡೆಯುತ್ತಿದ್ದಾಗ ಒಂದು ಟಿಟ್ಟಿಭ ಚೀರುತ್ತ ನಮ್ಮ ತಲೆಗಳ ಮೇಲೆ ಎರಗಿ ಎರಗಿ ಹಾರತೊಡಗಿತು. ಮುಂದಿದ್ದ ಹುಡುಗ ಎತ್ತಿದ ಕಾಲನ್ನು ಹಾಗೆಯೇ ನಿಲ್ಲಿಸಿದ. ಅವನ ಹೆಜ್ಜೆಯ ಮುಂದೆ, ಹರಳುಕಲ್ಲುಗಳ ನಡುವೆ, ಹರಳುಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು, ಮೊನೆಗಳು ಒಳಮುಖವಾಗಿ. ಗೂಡೆಂಬುದು ಏನೂ ಇಲ್ಲ. ಕಡಲ ತಡಿಯಲ್ಲಿ ಮೊಟ್ಟೆಯಿಟ್ಟು, ಕಡಲು ಅವನ್ನು ಕೊಂಡೊಯ್ದಾಗ ಕಡಲನ್ನೇ ಬತ್ತಿಸುತ್ತೇನೆಂದು ಹೊರಟ ಪಂಚತಂತ್ರದ ಟಿಟ್ಟಿಭ ಇದೇ. ಆ ಕಥೆಯನ್ನು ಕೇಳಿ ನಗುತ್ತಿದ್ದ ಮಕ್ಕಳು ಅಂದು ನಗಲಿಲ್ಲ. ಬಂದ ಹೆಜ್ಜೆಗಳ ಮೇಲೆಯೇ ಒಬ್ಬರ ಹಿಂದೊಬ್ಬರಾಗಿ ಹಿಂದಕ್ಕೆ ಸರಿದರು. ಹಕ್ಕಿ ಬಹಳ ಹೊತ್ತು ಚೀರುತ್ತಲೇ ಇತ್ತು.

ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ನವಿಲುಗಳೊಡನೆ ಕೊಳದ ತಡಿಯ ಹಂಸಗಳನ್ನೂ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುವ ವಚನವನ್ನು ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ವೇಳೆಯಲ್ಲಿ ಹಾಡುತ್ತೇವೆ. ಅಲ್ಲಿಯ ಹಂಸವನ್ನು ಜೀವಾತ್ಮವೆಂದು ಅರ್ಥೈಸುವವರಿದ್ದಾರೆ; ನಾನೂ ಹಾಗೆಯೇ ಪಾಠ ಹೇಳುತ್ತಿದ್ದೆ. ಆ ಅರ್ಥವನ್ನು ನಾನೀಗ ಬಿಟ್ಟಿಲ್ಲ. ಆದರೆ ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ಕಾಲ್ನಡೆಯಲ್ಲಿ ನಡೆದ ಆ ತಾಯಿಗೆ ದಾರಿಯ ಕೆರೆಗಳಲ್ಲಿ ಈ ಹಕ್ಕಿಗಳು ಕಾಣದೆ ಹೋಗಲಿಲ್ಲವೆಂದು ಈಗ ಮೊದಲು ಹೇಳುತ್ತೇನೆ. ಜೀವಾತ್ಮದ ಮಾತು ಆಮೇಲೆ.

ಹಳೆಯ ಉತ್ತರಪತ್ರಿಕೆಗಳನ್ನು ಶಾಲೆಯಲ್ಲಿ ಉಳಿಸುವ ಪದ್ಧತಿಯಿಲ್ಲದ ಕಾರಣ ಕಳೆದ ಅಂಕವನ್ನು ಮರಳಿ ಕೊಡುವ ದಾರಿಯಿಲ್ಲ. ಆ ಹುಡುಗ ಬರೆದಿದ್ದುದರಲ್ಲಿ ನೆನಪಿಗೆ ಬಂದಷ್ಟನ್ನು ಏಪ್ರಿಲಿನ ಬೀಳ್ಕೊಡುಗೆಯ ದಿನ ಒಂಬತ್ತನೆಯ ತರಗತಿಯಲ್ಲಿ ಮತ್ತೊಮ್ಮೆ ಓದಿ ಹೇಳಿದೆ. ಚಿತ್ರಕಲೆಯ ಶಿಕ್ಷಕರು ಕೊಠಡಿಯ ಗೋಡೆಯ ಮೇಲಿದ್ದ ನೀಳಕೊರಳಿನ ಹಂಸದ ಪಕ್ಕದಲ್ಲಿ ಎರಡು ಗೆರೆಗಳ ಹೆಬ್ಬಾತನ್ನು ಬರೆದಿದ್ದಾರೆ. ಹಳೆಯದನ್ನು ಅಳಿಸುವುದು ಬೇಡವೆಂದು ನಾನೇ ಹೇಳಿದೆ; ರವಿವರ್ಮನ ಹಂಸವೂ ಈಗ ನಮ್ಮದೇ ಕವಿಸಮಯ. ಅದೇ ಕೊಠಡಿಯಲ್ಲಿ ಒಂದು ದಪ್ಪ ನೋಟುಪುಸ್ತಕವನ್ನು ಇಟ್ಟಿದ್ದೇವೆ. ಯಾವ ಹಕ್ಕಿ, ಯಾವ ಕೆರೆ, ಯಾವ ದಿನ, ಕಂಡವರು ಯಾರು, ಏನು ತಿನ್ನುತ್ತಿತ್ತು ಎಂದು ಐದು ಕಾಲಮುಗಳು. ಸುತ್ತಲಿನ ಹದಿನಾರು ಹಳ್ಳಿಗಳಿಂದ ಬರುವ ಮಕ್ಕಳು ತಮ್ಮ ತಮ್ಮ ಊರ ಕೆರೆಗಳನ್ನೂ ಅದರಲ್ಲಿ ಸೇರಿಸುತ್ತಿದ್ದಾರೆ. ಕೆಲವು ಹೆಸರುಗಳು ನನಗೆ ಯಾವ ಕೋಶದಲ್ಲಿಯೂ ಸಿಕ್ಕಿಲ್ಲ. ಅವನ್ನು ಮಕ್ಕಳು ಹೇಳಿದಂತೆಯೇ ಬರೆಯಿಸಿದ್ದೇನೆ.

ದೀಪಾವಳಿ ಕಳೆದ ಮೇಲೆ ಮತ್ತೆ ಮಾಗಡಿಗೆ ಹೋಗುವ ಏರ್ಪಾಡಾಗಿದೆ. ವಾಹನದ ವೆಚ್ಚಕ್ಕೆ ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಸದ್ಯಕ್ಕೆ ಶಾಲೆಯಲ್ಲಿರುವುದು ಒಂದೇ ದುರ್ಬೀನು, ಅದೂ ಆ ಹಳೆಯ ವಿದ್ಯಾರ್ಥಿ ಬಿಟ್ಟುಹೋದದ್ದು. ಅದು ನಲವತ್ತು ಮಕ್ಕಳ ಕೈದಾಟಿ ಕೊನೆಯ ಸಾಲಿನ ಹುಡುಗಿಗೆ ತಲುಪುವಷ್ಟರಲ್ಲಿ ಹಕ್ಕಿಗಳು ಹಾರಿಹೋಗಿರುತ್ತವೆ. ದಾನಿಗಳಾದ ವಾಚಕರ ಗಮನಕ್ಕೆ ಇಷ್ಟನ್ನು ತರಬಯಸುತ್ತೇನೆ.